ಬಸಕ್ಕನ ಹಲ್ಲು

ಬೆಂಗಳೂರಿಗೆ ಬಂದ ದಿನ ನಾನು ಬಾಯಿ ತೆರೆದದ್ದೇ ತಡ, ಜನ ನಕ್ಕರು. ಗಂಗಾನಗರದ ಒಂದು ಬೇಕರಿ ಮುಂದೆ ನಿಂತು, "ಯಪ್ಪಾ, ಒಂದ್ ಚಾ ಕೊಡ್ರಿ, ಸಕ್ರಿ ಭಾಳ ಬ್ಯಾಡ" ಎಂದೆ. ಅಷ್ಟೇ. ಪಫ್ಸ್ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬ ಹತ್ತಿರ ಬಂದು, "ಸೂಪರ್ ಗುರು, ಇನ್ನೊಂದ್ಸಲ ಹೇಳಿ" ಅಂದ. ನಾನೂ ಹುಚ್ಚನ ಹಾಗೆ ಇನ್ನೊಂದು ಸಲ ಹೇಳಿದೆ. ಗುಳೇದಗುಡ್ಡದಲ್ಲಿ ಹುಟ್ಟಿದಾಗಿನಿಂದ ಅದೇ ಮಾತಿನಲ್ಲೇ ಚಾ ಕೇಳಿದ್ದೆ. ಅಲ್ಲಿ ಯಾರೂ ನಕ್ಕಿರಲಿಲ್ಲ, ಸುಮ್ಮನೆ ಚಾ ಕೊಟ್ಟಿದ್ದರು.

ಊರಲ್ಲಿರುವ ನಿಮಗೆ ಇದು ತಮಾಷೆ ಅನ್ನಿಸಬಹುದು. ನನಗೆ ಮಾತ್ರ ಕಿವಿ ಬಿಸಿಯಾಯಿತು. ಆಮೇಲೆ ಒಂದಷ್ಟು ದಿನ ಅಂಗಡಿಗೆ ಹೋದರೆ ಬೆರಳು ತೋರಿಸಿ ಸಾಮಾನು ತರುತ್ತಿದ್ದೆ.

ಮನೆ ಹುಡುಕಿದ್ದು ಇನ್ನೊಂದು ಕಥೆ. ಆರ್.ಟಿ. ನಗರದ ತುಂಬ 'ಮನೆ ಬಾಡಿಗೆಗಿದೆ' ಎಂಬ ಬೋರ್ಡುಗಳು, ಒಳಗೆ ಹೋದರೆ "ಬ್ಯಾಚುಲರ್ಸಿಗೆ ಕೊಡಲ್ಲ" ಎಂಬ ಉತ್ತರ. ಕೊನೆಗೆ ಗಂಗಾನಗರದ ಶಮೀಮ್ ಆಂಟಿ, ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕದ ಒಂದು ಕೋಣೆ ತೋರಿಸಿದರು. "ಏನ್ ಕೆಲ್ಸ ನಿಮ್ದು?" ಎಂದು ಕೇಳಿದರು. ಕಾಮಿಕ್ಸ್ ಬರೆಯುತ್ತೇನೆ ಅಂದರೆ ಅವರಿಗೆ ತಿಳಿಯಲಿಲ್ಲ. ಹಾಲಿನ ಕವರಿನ ಮೇಲೆ ಅವರ ಬೆಕ್ಕನ್ನು ಗೀಚಿ ತೋರಿಸಿದೆ. ಸೊಟ್ಟ ಮೋರೆಯ ಬೆಕ್ಕು ಅದು. ಆಂಟಿ ಹೊಟ್ಟೆ ಹಿಡಿದು ನಕ್ಕು ಕೀಲಿ ಕೊಟ್ಟರು. ಅಡ್ವಾನ್ಸ್ ಈಗಲೇ ಕೊಡಲೇ ಎಂದರೆ, "ನಕ್ಕೋ ನಕ್ಕೋ, ಮೊದ್ಲು ಊಟ ಮಾಡಿ" ಅಂದರು. ಅವರ ಮನೆಯ ದಖನಿ ಉರ್ದುವಿನಲ್ಲಿ 'ನಕ್ಕೋ' ಅಂದರೆ ಬೇಡ. ಈ ಊರಲ್ಲಿ ನಾನು ಕಲಿತ ಮೊದಲ ಮಾತು ಅದೇ.

ನಮ್ಮಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೇ ಹಸಿವಾಗುತ್ತದೆ. ಇಲ್ಲಿ ಮಂದಿ ಬೆಳಗಾಗುತ್ತಲೇ ಅನ್ನ ತಿನ್ನುತ್ತಾರೆ ಮಾರಾಯರೇ, ಚಿತ್ರಾನ್ನ, ಪಲಾವು, ಪುಳಿಯೋಗರೆ. ನಮ್ಮಲ್ಲಿ ಖಣ ನೇಯುವ ಮಗ್ಗ ನಿಂತರೆ ಮನೆ ಬಿಕೋ ಅನ್ನುತ್ತದೆ. ಇಲ್ಲಿ ಹೆಬ್ಬಾಳದ ಫ್ಲೈಓವರ್ ಎಂದೂ ನಿಲ್ಲುವುದಿಲ್ಲ, ಆದರೂ ಭಾನುವಾರ ಮಧ್ಯಾಹ್ನ ಕೋಣೆಯಲ್ಲಿ ಕೂತರೆ ಅದೇ ಬಿಕೋ. ಅಂಥ ಹೊತ್ತಿನಲ್ಲಿ ಶಾಂತಕ್ಕನಿಗೆ ಫೋನ್ ಮಾಡುತ್ತಿದ್ದೆ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಎತ್ತಿ ಆಡಿಸಿದಾಕೆ, ನನ್ನ ಒಬ್ಬಳೇ ಅಕ್ಕ. "ಉಂಡಿಯೇನ ಖೋಡಿ?" ಎಂಬುದು ಆಕೆಯ ಹಲೋ.

ಕೆಲಸ ಸಹಕಾರನಗರದ ಒಂದು ಸಣ್ಣ ಸ್ಟುಡಿಯೋದಲ್ಲಿ. ಮಕ್ಕಳಿಗಾಗಿ ಪುರಾಣದ ಕಾಮಿಕ್ಸ್ ಮಾಡುತ್ತಿದ್ದರು. ದೇವರನ್ನೂ ರಾಕ್ಷಸರನ್ನೂ ಹಿರಿಯರು ಬರೆಯುವರು. ನನ್ನ ಪಾಲಿಗೆ ಆನೆಯ ಕಾಲು, ಅರಮನೆಯ ಕಂಬ, ಯುದ್ಧದಲ್ಲಿ ಹಿಂದೆ ನಿಂತ ಮುಖವಿಲ್ಲದ ಸೈನಿಕರು. ಅಕ್ಕನಿಗೆ ಮಾತ್ರ "ಇವತ್ತ ಹನುಮಂತನ್ನ ಬರದೆ" ಎಂದು ಬುರುಡೆ ಬಿಡುತ್ತಿದ್ದೆ. ಆಕೆ ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಅಲ್ಲಿನ ಹಿರಿಯ ಕಲಾವಿದರೊಬ್ಬರು ನನಗೆ ಈ ಕಸುಬಿನ ಗುಟ್ಟು ಹೇಳಿಕೊಟ್ಟರು. "ಮುಖದಲ್ಲಿ ಒಂದನ್ನೇ ಹಿಡಿ ಮಗಾ. ಜನ ಏನನ್ನ ಮುಚ್ಕೋತಾರೋ ಅದನ್ನೇ ಹಿಡಿ. ಅದನ್ನ ಎಳೆದು ದೊಡ್ಡದ್ ಮಾಡು. ಮಿಕ್ಕಿದ್ದು ಓದೋರೇ ತುಂಬ್ಕೋತಾರೆ." ಬೋಳುತಲೆಗೆ ಟೊಪ್ಪಿಗೆ ಹಾಕಿದವನ ತಲೆಯನ್ನೇ ಬರಿ, ಹೊಟ್ಟೆ ಒಳಗೆಳೆದುಕೊಂಡವನ ಹೊಟ್ಟೆಯನ್ನೇ ಬರಿ. ನಗೆಚಿತ್ರ ಬರೆಯುವವರೆಲ್ಲ ಹೀಗೇ ಮಾಡುತ್ತಾರೆ. ನಾನೂ ಕಲಿತೆ.

ಸ್ಟುಡಿಯೋ ಮುಚ್ಚಿದಾಗ ನನ್ನದೇ ಏನಾದರೂ ಬರೆಯಬೇಕಾಯಿತು. ಬೇಕರಿಯ ನಗು ನೆನಪಾಯಿತು. ಇವರಿಗೆ ನಮ್ಮ ಮಾತು ಕೇಳಿ ನಗು ಬರುತ್ತದೆ ಅಂದಮೇಲೆ ಅದನ್ನೇ ಯಾಕೆ ಮಾರಬಾರದು? 'ಬೆಂಗಳೂರಾಗ ಬಸಕ್ಕ' ಅಂತ ಕಾಮಿಕ್ಸ್ ಬರೆದು ನೆಟ್ಟಿನಲ್ಲಿ ಹಾಕಲು ಶುರುಮಾಡಿದೆ. ಖಣದ ಕುಪ್ಪಸ, ಇಳಕಲ್ ಸೀರೆ ಉಟ್ಟ ಬಸಕ್ಕ ಲಿಫ್ಟಿಗೆ ಕೈ ಮುಗಿಯುತ್ತಾಳೆ, ಮಾಲ್‌ನ ಬೊಂಬೆಗೆ "ಛಳಿ ಆಗಂಗಿಲ್ಲೇನವಾ?" ಎಂದು ಕೇಳುತ್ತಾಳೆ. ಮೊದಲು ಯಾರೂ ನೋಡಲಿಲ್ಲ. ಆ ಮುಖದಲ್ಲಿ ಹಿಡಿಯುವಂಥದ್ದು ಏನೂ ಇರಲಿಲ್ಲ. ಒಂದು ದಿನ ಆಕೆಗೆ ಮುಂದೆ ಚಾಚಿದ ಒಂದು ಹಲ್ಲು ಇಟ್ಟೆ. ಬಸಕ್ಕ ಎದ್ದು ನಡೆದಳು.

ಆ ಹಲ್ಲು ಶಾಂತಕ್ಕನದು.

ಅಕ್ಕನ ಮುಂದಿನ ಒಂದು ಹಲ್ಲು ತುಟಿ ದಾಟಿ ಬರುತ್ತದೆ. ಹೆಣ್ಣು ನೋಡಲು ಬಂದವರೆದುರು "ನಗಬ್ಯಾಡ, ಬಾಯಿ ಮುಚ್ಚಿಕೊಂಡ ಕುಂದರು" ಎಂದು ಹಿರಿಯರು ಹೇಳಿದ್ದರು. ಅವತ್ತಿನಿಂದ ನಗು ಬಂದರೆ ಮೊದಲು ಸೆರಗು ಬಾಯಿಗೆ ಹೋಗುತ್ತದೆ. ಗಂಡನೆದುರೂ ಹಾಗೇ. ನನ್ನೊಬ್ಬನೆದುರು ಮಾತ್ರ ಇಲ್ಲ. ಸಣ್ಣವನಿದ್ದಾಗ ಹಿತ್ತಲ ಗೋಡೆಯ ಮೇಲೆ ಇದ್ದಿಲಿನಿಂದ ಆಕೆಯ ಮುಖ ಬರೆದು, ಕುಂಬಳಬೀಜದಷ್ಟು ದೊಡ್ಡ ಹಲ್ಲು ಇಟ್ಟಿದ್ದೆ. ಅಕ್ಕ ಸೆರಗು ಬಿಟ್ಟು, ಹಲ್ಲು ಬಿಟ್ಟು, ಕಣ್ಣಲ್ಲಿ ನೀರು ಬರುವತನಕ ನಕ್ಕಳು. ಆಮೇಲೆ ಯಾರಾದರೂ ಬಂದಾರು ಎಂದು ಒದ್ದೆ ಬಟ್ಟೆಯಿಂದ ತಾನೇ ಒರೆಸಿದಳು. ನಾನು ಚಿತ್ರಗಾರ ಆದದ್ದು ಆ ನಗುವಿನಿಂದ.

ಬಸಕ್ಕ ಎಲ್ಲರ ಫೋನಿನಲ್ಲೂ ಹರಿದಾಡಿದಳು. ಪುಸ್ತಕವಾದಳು. ಜಕ್ಕೂರಿನ ಅಪಾರ್ಟ್‌ಮೆಂಟಿನವರು ಕರೆದು ಶಾಲು ಹೊದಿಸಿದರು. ಶಮೀಮ್ ಆಂಟಿ ಪುಸ್ತಕವನ್ನು ಟಿವಿ ಪಕ್ಕ ಇಟ್ಟುಕೊಂಡರು. ಅಕ್ಕನಿಗೆ ಮಾತ್ರ ನಾನು ಹೇಳಲಿಲ್ಲ. ಆಕೆಯದು ಗುಂಡಿ ಒತ್ತುವ ಫೋನು, ಯಾರು ತೋರಿಸುತ್ತಾರೆ ಎಂಬ ಭಂಡ ಧೈರ್ಯ.

ಕಳೆದ ತಿಂಗಳು ಅಕ್ಕ ಮೊದಲ ಸಲ ಬೆಂಗಳೂರಿಗೆ ಬಂದಳು. ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು, ತಮ್ಮನ ಮನೆ ನೋಡಲಿಕ್ಕೆ. ರೈಲ್ವೆ ಸ್ಟೇಷನ್ನಿನಲ್ಲಿ ಅಕ್ಕ ಲಿಫ್ಟಿಗೆ ಕೈ ಮುಗಿಯಲಿಲ್ಲ; ಯಾವ ಗುಂಡಿ ಒತ್ತಬೇಕೆಂದು ಕೇಳಿ ಒತ್ತಿದಳು. ನಾನು ಪುಸ್ತಕಗಳನ್ನೆಲ್ಲ ಮಂಚದ ಕೆಳಗೆ ತಳ್ಳಿದ್ದೆ. ಬಂದ ದಿನ ಸಂಜೆ ತಾರಸಿಯಲ್ಲಿ ಕೂತು, ಹಾಲಿನ ಕವರಿನ ಬೆಕ್ಕಿನ ಕಥೆ ಹೇಳಿದೆ. ಅಕ್ಕ ಸೆರಗು ಬಿಟ್ಟು ಗಹಗಹಿಸಿ ನಕ್ಕಳು. ಅದೇ ಹೊತ್ತಿಗೆ ಶಮೀಮ್ ಆಂಟಿ ಶೀರ್‌ಕುರ್ಮಾ ಪಾಯಸದ ಬಟ್ಟಲು ಹಿಡಿದು ಮೆಟ್ಟಿಲು ಹತ್ತಿ ಬಂದರು. ಅಕ್ಕನ ಮುಖ ನೋಡಿ ಅಲ್ಲೇ ನಿಂತರು.

"ಅರೇ! ಬಸಕ್ಕ!" ಎಂದರು. "ನಿಜವಾಗ್ಲೂ ಇದಾರೆ ಕಣ್ರೀ!"

ಆಂಟಿಯ ಮಾತಿನಲ್ಲಿ ಬರೀ ಪ್ರೀತಿ ಇತ್ತು. ಓಡಿ ಹೋಗಿ ಪುಸ್ತಕ ತಂದು, ಪೆನ್ನು ಕೊಟ್ಟು, "ಸೈನ್ ಮಾಡಿ" ಎಂದರು. ಅಕ್ಕ ನನ್ನ ಕಡೆ ನೋಡಿದಳು. ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಆಕೆ ನಿಧಾನವಾಗಿ ಪುಟ ತಿರುವಿದಳು, ಬೆರಳಿಟ್ಟು ಓದಿದಳು. ಎಲ್ಲ ಪುಟದಲ್ಲೂ ಆ ಹಲ್ಲು. ಕೊನೆಗೆ ಒಂದು ಕೈಯಲ್ಲಿ ಸೆರಗು ಬಾಯಿಗೆ ಹಿಡಿದು, ಇನ್ನೊಂದರಲ್ಲಿ ದುಂಡಗೆ 'ಶಾಂತವ್ವ' ಎಂದು ಸಹಿ ಹಾಕಿದಳು.

ಆಂಟಿ ಇಳಿದು ಹೋದ ಮೇಲೆ ಕೇಳಿದಳು: "ಮಂದಿ ಭಾಳ ನಗ್ತಾರೇನಪಾ?"

"ನಗ್ತಾರ ಅಕ್ಕ."

"ಇದರಿಂದ ಹೊಟ್ಟಿ ತುಂಬತೈತಿ?"

"ತುಂಬತೈತಿ."

"ಆತು ಬಿಡು. ಹಲ್ಲ ಮಾತ್ರ ಛಲೋ ತಗದೀ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನನಗೆ ನನ್ನ ಕೈ ಕಂಡರೆ ಹೇಸಿಗೆಯಾಯಿತು. ತಪ್ಪಾತು ಅಕ್ಕ ಎಂದೆ. "ಏ, ಸುಮ್ನಿರು" ಎಂದು ರೊಟ್ಟಿ ಬಡಿಸಿದಳು. ಆಮೇಲೆ ಹೆಬ್ಬಾಳ ಕೆರೆಗೆ ಕರೆದುಕೊಂಡು ಹೋದೆ, ಆರ್.ಟಿ. ನಗರದಲ್ಲಿ ಸೀರೆ ಕೊಡಿಸಿದೆ. ಎಲ್ಲ ಚಂದ ಐತಿ ಎಂದಳು. ನಗಲಿಲ್ಲ.

ಈಗ ಪ್ರಕಾಶಕರು ಎರಡನೇ ಭಾಗ ಕೇಳುತ್ತಿದ್ದಾರೆ. ಬಸಕ್ಕನ ಬಾಯಿ ಮುಚ್ಚಿಸಿ ಬರೆದು ನೋಡಿದೆ, ಮೇಲೆ ಸೆರಗು ಹೊದಿಸಿಯೂ ನೋಡಿದೆ. ಆ ಹಲ್ಲು ಹೊರಗೆ ಕಂಡಾಗಿದೆ, ಇನ್ನೇನು ಮುಚ್ಚುವುದು. ಊರಿಗೆ ಬರಲು ನಾಚಿಕೆ, ಇಲ್ಲಿ ಶಾಲು ಹೊದಿಸಿಕೊಳ್ಳಲೂ ನಾಚಿಕೆ.

ಅಕ್ಕ ಹೊರಟ ಸಂಜೆ ಯಶವಂತಪುರ ಸ್ಟೇಷನ್ನಿನಲ್ಲಿ ಕಿಟಕಿಯ ಪಕ್ಕ ಕೂರಿಸಿ, ನೀರಿನ ಬಾಟಲಿ ಕೊಟ್ಟೆ. ಹೇಗಾದರೂ ಮಾಡಿ ಒಂದು ಸಲ ನಗಿಸಿ ಕಳಿಸಬೇಕೆಂಬ ಹಟ ನನಗೆ. ಹಿತ್ತಲ ಗೋಡೆಯ ಮಾತು ತೆಗೆದೆ. "ಅಕ್ಕ, ಆ ಇದ್ದಿಲಿನ ಚಿತ್ರ ನೆನಪೈತಿ? ಕುಂಬಳಬೀಜ?"

ಆಕೆಯ ಕಣ್ಣು ಮೊದಲು ನಕ್ಕವು. ಹೆಗಲು ಕುಲುಕಿದವು. ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಆಕೆಯ ಕೈ ಮೇಲೆದ್ದು ಸೆರಗನ್ನು ಬಾಯಿಗೆ ತಂದಿತು. ಗಾಡಿ ಹೊರಟಿತು. ಕಿಟಕಿ ಕಾಣುವಷ್ಟು ಹೊತ್ತೂ ಅಕ್ಕ ಕೈ ಬೀಸುತ್ತಲೇ ಇದ್ದಳು, ಸೆರಗು ಮಾತ್ರ ತೆಗೆಯಲಿಲ್ಲ.