ಅತ್ತೆಯ ಮಾತಿನ ಕಾಲ್ ಸ್ಟ್ಯಾಕ್

ನಿನ್ನೆ ಸಂಜೆ ಮಲೆಬೆನ್ನೂರಿನ ಒಂದು ಅಕ್ಕಿ ಗಿರಣಿಯಿಂದ ನನ್ನ ವಾಟ್ಸಾಪಿಗೆ ಚೀಟಿಯ ಫೋಟೋ ಬಂತು. ಲಾರಿ ತೂಕ ಮಾಡಿದ ಮೇಲೆ ಡ್ರೈವರ್ ಕೈಗೆ ಕೊಡುತ್ತಾರಲ್ಲ, ಅಂಥ ತೆಳ್ಳನೆಯ, ತಾನಾಗಿ ಸುರುಳಿ ಸುತ್ತಿಕೊಳ್ಳುವ ಕಾಗದ. ಆದರೆ ಅದರ ಮೇಲೆ ತೂಕ ಇರಲಿಲ್ಲ. ಒಂದರ ಕೆಳಗೊಂದು ಹೆಸರುಗಳಿದ್ದವು. ಎಲ್ಲವೂ ನಾನು ಬರೆದ ಸಿ ಪ್ರೋಗ್ರಾಮಿನ ಫಂಕ್ಷನ್ನುಗಳ ಹೆಸರು. ಜೊತೆಗೆ ಗುಮಾಸ್ತರ ಒಂದು ಸಾಲು: "ಮೇಡಂ, ಮಿಷನ್ ಮತ್ತೆ ಬಿತ್ತು. ಇದೇನೋ ಮಂತ್ರ ಪ್ರಿಂಟ್ ಆಗೈತೆ, ನೋಡ್ರಿ."

ನೋಡಿದೆ. ಬೇಜಾರೂ ಆಗಲಿಲ್ಲ. ಬೇಜಾರು ಮಾಡಿಕೊಳ್ಳುವುದಕ್ಕೂ ಒಂದಿಷ್ಟು ಕಸುವು ಬೇಕು ಅನ್ನುವುದು ನಿಮಗೂ ಯಾವಾಗಲಾದರೂ ಗೊತ್ತಾಗಿರಬೇಕು. ಭತ್ತದ ಸುಗ್ಗಿ ಬಂತೆಂದರೆ ನನ್ನ ಪ್ರೋಗ್ರಾಮ್ ಬೀಳುತ್ತದೆ, ಅದರ ಹಿಂದೆ ನಾನೂ ಬೀಳುತ್ತೇನೆ. ವಿದ್ಯಾನಗರದಲ್ಲಿ ಜೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆಗಳ ಆಫೀಸಿನಲ್ಲಿ ಕೂತು, ಗಿರಣಿಗಳ ತೂಕದ ಯಂತ್ರಕ್ಕೆ ಪ್ರೋಗ್ರಾಮ್ ಬರೆಯುವುದು ನನ್ನ ಕಸುಬು. ಮದುವೆ ಮನೆಗಳಲ್ಲಿ ಯಾರಾದರೂ ಏನು ಕೆಲಸ ಅಂತ ಕೇಳಿದರೆ "ಕಂಪ್ಯೂಟರ್" ಅಂದು ಲಾಡಿನ ಕಡೆ ತಿರುಗಿಬಿಡುತ್ತೇನೆ.

ನೀವು ಕೇಳಿದಿರಿ ಅಂತ ಇಟ್ಟುಕೊಂಡು ಆ ಮಂತ್ರದ ವಿಷಯ ಹೇಳುತ್ತೇನೆ. ಪ್ರೋಗ್ರಾಮಿನೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ತುಂಡು ಇರುತ್ತದೆ, ಅದೇ ಫಂಕ್ಷನ್; ಒಂದು ಫಂಕ್ಷನ್ ಇನ್ನೊಂದನ್ನು ಕೆಲಸಕ್ಕೆ ಕರೆಯುತ್ತದೆ, ಅದು ಮತ್ತೊಂದನ್ನು ಕರೆಯುತ್ತದೆ. ಕರೆದಾಗಲೆಲ್ಲ, ಕೆಲಸ ಮುಗಿದ ಮೇಲೆ ಎಲ್ಲಿಗೆ ಮರಳಬೇಕು ಅನ್ನುವ ವಿಳಾಸವನ್ನು ಯಂತ್ರ ಇಟ್ಟುಕೊಳ್ಳುತ್ತದೆ. ಬುಟ್ಟಿಯಲ್ಲಿ ರೊಟ್ಟಿ ಒಟ್ಟಿದ ಹಾಗೆ ಒಂದರ ಮೇಲೊಂದು. ಕೊನೆಗೆ ಹಾಕಿದ್ದು ಮೊದಲು ಕೈಗೆ ಬರುತ್ತದೆ. ಅದಕ್ಕೇ ಕಾಲ್ ಸ್ಟ್ಯಾಕ್, ಅಂದರೆ ಕರೆಗಳ ಒಟ್ಟಿಲು ಅನ್ನುತ್ತಾರೆ. ಸಿ ಭಾಷೆಯಲ್ಲಿ ಕೊಟ್ಟ ಜಾಗಕ್ಕಿಂತ ಒಂದಕ್ಷರ ಹೆಚ್ಚು ಬರೆದರೂ ಸಾಕು, ಈ ವಿಳಾಸ ಅಳಿಸಿಹೋಗಬಹುದು. ಆಮೇಲೆ ಬಂದ ದಾರಿ ಗೊತ್ತಿಲ್ಲದೆ ಪ್ರೋಗ್ರಾಮ್ ಕುಸಿಯುತ್ತದೆ, ಯಾಕೆ ಅಂತ ಬಾಯಿ ಬಿಡುವುದಿಲ್ಲ. ಅದಕ್ಕೆ ನಾನು ಬೇರೆ ಮೂಲೆಯಲ್ಲಿ ಇನ್ನೊಂದು ನೆನಪು ಇಡಿಸಿದ್ದೇನೆ. ಒಳಗೆ ಹೋಗುವ ಪ್ರತಿ ಫಂಕ್ಷನ್ ತನ್ನ ಹೆಸರು ಹೇಳಿ ಹೋಗಬೇಕು, ಹೊರಗೆ ಬರುವಾಗ ಅಳಿಸಿ ಬರಬೇಕು. ಬಿದ್ದ ಹೊತ್ತಿಗೆ ಅಳಿಸದೆ ಉಳಿದ ಹೆಸರುಗಳು, ಬೇರೆ ಪರದೆ ಇಲ್ಲವಾದ್ದರಿಂದ, ತೂಕದ ಚೀಟಿಯ ಮೇಲೆ ಬರುತ್ತವೆ.

ಈ ಉಪಾಯ ನಾನೇ ಕಂಡುಹಿಡಿದೆ ಅಂದರೆ ಸುಳ್ಳಾಗುತ್ತದೆ. ಲೋಕದಲ್ಲಿ ಎಲ್ಲರೂ ಮಾಡುತ್ತಾರೆ. ಆದರೆ ಅದು ಯಾಕೆ ಬೇಕು ಅನ್ನುವುದು ನನ್ನ ತಲೆಗೆ ಹತ್ತಿದ್ದು ಹರಿಹರದಲ್ಲಿ, ನೀಲಮ್ಮತ್ತೆಯ ಪಡಸಾಲೆಯಲ್ಲಿ.

ನೀಲಮ್ಮತ್ತೆ ಅಪ್ಪನ ಅಕ್ಕ. ಅವರ ಮಾತು ಕೇಳಲು ಓಣಿಯ ಹೆಂಗಸರು ಮಧ್ಯಾಹ್ನ ತಮ್ಮ ತಮ್ಮ ಮೊರ, ಅಕ್ಕಿ ಸಮೇತ ಬಂದು ಕೂರುತ್ತಿದ್ದರು. ನಮ್ಮ ಕಡೆ ಒಬ್ಬರ ಹೆಸರು ಬಂದರೆ "ಅವರು ಯಾರ ಪೈಕಿ?" ಅಂತ ಕೇಳದೆ ಮಾತು ಮುಂದೆ ಹೋಗುವುದಿಲ್ಲ. ಬೇರೆಯವರ ಮನೆಗಳಲ್ಲಿ ಕತೆ ಅಲ್ಲೇ ದಾರಿ ತಪ್ಪುತ್ತದೆ. ಅತ್ತೆ ತಪ್ಪುತ್ತಿರಲಿಲ್ಲ. ಒಂದು ಕತೆಯೊಳಗಿಂದ ಅದರ ನೆಂಟರ ಕತೆಗೆ, ಅಲ್ಲಿಂದ ಆ ನೆಂಟರ ಎಮ್ಮೆಯ ಕತೆಗೆ ಹೋದರೂ, ಎಮ್ಮೆಯದು ಮುಗಿಸಿ ನೆಂಟರಿಗೆ, ನೆಂಟರದು ಮುಗಿಸಿ ಮೊದಲಿನ ಕತೆಗೆ ಸರಿಯಾಗಿ ಮರಳುತ್ತಿದ್ದರು. ನಡುವೆ ಎದ್ದುಹೋಗಿ ಮಂಡಕ್ಕಿಗೆ ಒಗ್ಗರಣೆ ಹಾಕಿಕೊಂಡು ಬಂದರೂ ಎಳೆ ಕಳೆಯುತ್ತಿರಲಿಲ್ಲ. ಆ ಮನೆಯಲ್ಲಿ ಅವರ ಅಧಿಕಾರ ಇದ್ದದ್ದು ಬೀಗದ ಕೈಯಲ್ಲಲ್ಲ, ಆ ಮಾತಿನಲ್ಲಿ.

ಆಮೇಲೆ ಲಕ್ವ ಹೊಡೆಯಿತು. ಕೈಕಾಲು ನಿಧಾನಕ್ಕೆ ಬಂದವು. ಮಾತೂ ಬಂತು, ಹೆಸರು ಊರು ಎಲ್ಲ ಬಂದವು. ಮರಳುವ ದಾರಿಯೊಂದು ಮಾತ್ರ ಬರಲಿಲ್ಲ. ಕತೆಯೊಳಗೆ ಇಳಿಯುತ್ತಿದ್ದರು, ಇನ್ನೊಂದಕ್ಕೆ ಹೋಗುತ್ತಿದ್ದರು, ಅಲ್ಲಿ ನಿಂತುಬಿಡುತ್ತಿದ್ದರು. "ಯಾಕ ಹೇಳಾಕ ಹತ್ತಿದ್ದೆ ಇದನ್ನ?" ಅಂದಾಗ ಅವರ ಮುಖದಲ್ಲಿ ಕಾಣುತ್ತಿದ್ದದ್ದು ಹೆದರಿಕೆ. ಮೊರದವರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಸೊಸೆ ಸುಮಾ ಒಳ್ಳೆಯವಳು, ಅವಳಿಗೆ ಶಾಲೆಯ ಪಾಠ, ಮನೆಯ ಅಡಿಗೆ ಎರಡೂ ಇದ್ದವು. "ಇರ್ಲಿ ಬಿಡ್ರಿ ಅತ್ತಿ, ಆಮ್ಯಾಲೆ ಹೇಳೀರಂತೆ" ಅನ್ನುತ್ತಿದ್ದಳು. ಅತ್ತೆ ಆಮೇಲೆ ಹೇಳುತ್ತಿರಲಿಲ್ಲ. ನಾಚಿಕೆಯಿಂದ ಬಾಯಿ ಮುಚ್ಚತೊಡಗಿದರು. ಹೀಗೇ ಬಿಟ್ಟರೆ ಮಾತೇ ನಿಂತುಹೋಗುತ್ತದೆ ಅಂತ ಡಾಕ್ಟರು ಹೇಳಿದ್ದರು. ನಮಗೆಲ್ಲ ಅದೇ ಭಯ.

ಪ್ರತಿ ಭಾನುವಾರ ದಾವಣಗೆರೆಯಿಂದ ಬಸ್ಸು ಹತ್ತಿ ಹೋಗುತ್ತಿದ್ದೆ. ವಾರವಿಡೀ ಗಿರಣಿ, ವಾರದ ಕೊನೆಗೆ ಹರಿಹರ. ಮೊದಮೊದಲು ನನ್ನ ಬುದ್ಧಿಯೂ ಬಂದ ದಾರಿ ಮರೆತ ಪ್ರೋಗ್ರಾಮಿನಷ್ಟೇ ಇತ್ತು. ಅತ್ತೆ ನಿಂತಾಗ ಅವರು ಕೊನೆಗೆ ಆಡಿದ ಮಾತನ್ನೇ ಎತ್ತಿ ಕೊಡುತ್ತಿದ್ದೆ. "ಎಮ್ಮೆ ಅಂದ್ರಿ ಅತ್ತಿ." ಅವರು ಪಾಪ, ಎಮ್ಮೆ ಹಿಡಿದುಕೊಂಡು ಇನ್ನೂ ಮುಂದಕ್ಕೆ ಹೋಗಿ ಇನ್ನೂ ಕಳೆದುಹೋಗುತ್ತಿದ್ದರು. ಫೋನಿನಲ್ಲಿ ರೆಕಾರ್ಡ್ ಮಾಡಲು ಹೋದೆ. "ನನ್ನ ಅದರಾಗೆ ಹಾಕಬ್ಯಾಡ" ಅಂತ ಮುಖ ತಿರುಗಿಸಿಕೊಂಡರು.

ಬಿದ್ದ ಜಾಗ ತೋರಿಸಿದರೆ ಪ್ರಯೋಜನವಿಲ್ಲ, ಅಲ್ಲಿಗೆ ಕಳಿಸಿದವರು ಯಾರು ಅಂತ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೇಳಬೇಕು ಅಂತ ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಆಫೀಸಿನಲ್ಲಿ ದಿನಾ ಮಾಡುವ ಕೆಲಸ, ಹೊಳೆಯಲು ಅಷ್ಟು ದಿನ ಬೇಕಾಯಿತು ನೋಡಿ.

ಆ ಭಾನುವಾರ ಹೋಗಿ ಕೂತೆ. ಅಕ್ಕಿಯ ಮೊರ ಮುಂದಿಟ್ಟುಕೊಂಡಿದ್ದ ಅತ್ತೆ ನನ್ನನ್ನು ನೋಡಿ, "ಬಾ, ಕೂಡ್ರು. ನಿನ್ನ ಮುಖ ನೋಡಿದ್ರೆ ಗೌರಮ್ಮ ನೆನಪಾಕ್ಕಾಳೆ" ಅಂದರು. ಗೌರಮ್ಮ ಅವರ ನಾದಿನಿ, ಈಗಿಲ್ಲ. ಗೌರಮ್ಮನಿಂದ ಅವಳ ಹೊಲಿಗೆ ಮಿಷನ್ನಿಗೆ ಹೋದರು. ಮಿಷನ್ನಿನಿಂದ ಅದನ್ನು ಹೇರಿಕೊಂಡು ಬಂದ ಮಲೆಬೆನ್ನೂರು ಬಸ್ಸಿಗೆ, ಬಸ್ಸಿನಿಂದ ಅದರ ಕಂಡಕ್ಟರಿಗೆ. ನಾನು ಬೇರೇನೂ ಯೋಚಿಸದೆ ಪ್ರತಿಯೊಂದನ್ನೂ ಮನಸ್ಸಿನಲ್ಲಿ ಒಂದರ ಮೇಲೊಂದು ಇಟ್ಟುಕೊಂಡೆ.

"ಆ ಕಂಡಕ್ಟರು..." ಅಂದು ನಿಂತರು. ಮೊರದ ಮೇಲೆ ಕೈ ನಿಂತಿತು. "ಆ ಕಂಡಕ್ಟರು ಯಾಕ ಬಂದ?"

"ಬಸ್ಸಿನ ಮಾತಿಗೆ ಬಂದ ಅತ್ತಿ. ಮಲೆಬೆನ್ನೂರು ಬಸ್ಸು."

"ಹೌದು. ಟಿಕೀಟು ಕೇಳ್ದ ಅವ, ಮಿಷನ್ನಿಗೂ ಟಿಕೀಟು ಅಂದ. ಅದು ಮುಗೀತು. ಬಸ್ಸು ಯಾಕ?"

"ಗೌರಮ್ಮನ ಮಿಷನ್ ತರಾಕ."

"ಹಾಂ. ಬಸ್ಸಿನ ಮ್ಯಾಲೆ ಹಗ್ಗ ಕಟ್ಟಿ ತಂದ್ರು, ಒಂದು ಗೀಟೂ ಬೀಳಲಿಲ್ಲ." ಕೈ ಮತ್ತೆ ಅಕ್ಕಿಯೊಳಗೆ ಆಡತೊಡಗಿತು. "ಆ ಮಿಷನ್ನಿನ ಮುಂದ ಕೂತು ಹಗಲೂ ರಾತ್ರಿ ಹೊಲಿದ್ಲು ಗೌರಮ್ಮ. ಕಣ್ಣು ಒಳಗ ಹೋದ್ವು. ಸಾಕು ಅಂದ್ರ ಕೇಳ್ಲಿಲ್ಲ." ತಲೆ ಎತ್ತಿದರು. "ಗೌರಮ್ಮ ಯಾಕ ಬಂದ್ಲು?"

"ನನ್ನ ಮುಖ ನೋಡಿ ಬಂದ್ಲು ಅತ್ತಿ."

ಅತ್ತೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. "ಹೌದಲ್ಲ. ಅದನ್ನೇ ಹೇಳಾಕ ಶುರು ಮಾಡಿದ್ದೆ. ನಿನ್ನ ಕಣ್ಣೂ ಹಂಗ ಆಗ್ಯಾವೆ. ದಣಿದೀ ನೀನು. ಬರೋ ಭಾನುವಾರ ಬರಬ್ಯಾಡ, ಮನ್ಯಾಗ ಮಲಕ್ಕ."

ನನಗೆ ಅಳು ಬಂತು. ಅತ್ತೆಗೆ ಅದರ ಕಡೆ ಗಮನವೇ ಇಲ್ಲ. ಅಡಿಗೆ ಮನೆಯ ಕಡೆ ತಿರುಗಿ ಕೂಗಿದರು: "ಸುಮಾ, ಬಾ ಇಲ್ಲಿ! ಮಾತು ಮುಗಿಸಿದೆ ನಾನು! ಪೂರಾ ಮುಗಿಸಿದೆ!" ಸುಮಾ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಸೊಸೆಯ ಹಿಟ್ಟಿನ ಕೈ ಹಿಡಿದುಕೊಂಡು ಅತ್ತೆ ಚಿಕ್ಕ ಮಕ್ಕಳ ಹಾಗೆ ನಕ್ಕರು. ಆ ನಗು ಕಂಡು ಎಷ್ಟೋ ದಿನವಾಗಿತ್ತು.

ಹಿಂದಕ್ಕೆ ಕರೆತರುವುದನ್ನು ಸುಮಾ ನನಗಿಂತ ಚೆನ್ನಾಗಿ ಕಲಿತಳು, ರೊಟ್ಟಿ ಬಡಿಯುತ್ತಲೇ ಮಾಡುತ್ತಿದ್ದಳು. ಮೊರದವರಲ್ಲೂ ಕೆಲವರು ಮರಳಿದರು. ಕೊನೆಯ ವಾರದ ತನಕ ಅತ್ತೆ ಮಾತಾಡಿದರು. ನಾನಂತೂ ಅವರು ಬೇಡವೆಂದ ಆ ಭಾನುವಾರವೂ ಹೋದೆ, "ಹೇಳಿದ್ದು ಕೇಳಲ್ಲ ಇದು" ಅಂತ ಬೈಸಿಕೊಂಡೆ. ಅವರು ಹೋಗಿ ವರ್ಷಗಳಾದವು. ನನ್ನ ಭಾನುವಾರಗಳನ್ನು ಗಿರಣಿಗಳು ತೆಗೆದುಕೊಂಡವು.

ಇವತ್ತು ಬೆಳಿಗ್ಗೆ, ಅಂದರೆ ಭಾನುವಾರ, ಆ ಚೀಟಿಯ ಫೋಟೋ ಮುಂದಿಟ್ಟುಕೊಂಡು ಕೂತಿದ್ದಾಗ ನಮ್ಮ ಸಾಹೇಬರ ಫೋನು ಬಂತು. "ಗಿರಣಿಯೋರು ಒಂದೇ ಸಮ ಫೋನ್ ಮಾಡಾಕ ಹತ್ಯಾರಮ್ಮ. ಹೋಗಿ ಬರ್ತೀಯೇನು?"

ಚಪ್ಪಲಿ ಹುಡುಕಲು ಏಳುವುದು ನನ್ನ ರೂಢಿ. ಏಳಲಿಲ್ಲ. "ನಾಳೆ ಹೋಗ್ತೀನಿ ಸರ್. ಅಲ್ಲಿ ತನಕ ಪಕ್ಕದ ಗಿರಣಿ ಕಾಟಾದಾಗೆ ತೂಕ ಮಾಡಿಸ್ಲಿ. ಇವತ್ತು ಆಗಲ್ಲ, ದಣಿದೀನಿ" ಅಂದೆ. ಇಷ್ಟು ವರ್ಷ ಕೆಲಸ ಮಾಡಿ, ಆ ಮಾತನ್ನು ಅವರೆದುರು ಹೇಳಿದ್ದು ಇದೇ ಮೊದಲು.

"ಸರಿ ಬಿಡಮ್ಮ," ಅಂದರು ಸಾಹೇಬರು. "ನನಗೂ ಸಾಕಾಗೈತೆ."

ಫೋನ್ ಆಫ್ ಮಾಡಿದೆ. ಕಿಟಕಿ ಮುಚ್ಚಿ, ಚಾಪೆ ಹಾಸಿ ಮಲಗಿದೆ. ತಡವಾಗಿ ಆದರೂ, ಅತ್ತೆ ಹೇಳಿದ ಮಾತು ಕೇಳಿದೆ.