ತಮ್ಮ ಕರೆದ ಊಟ

ನನ್ನ ತಮ್ಮ ಸಾಯುವ ಮುಂಚೆ ಒಂದು ಊಟಕ್ಕೆ ಕರೆದ. ಅದರ ಬಗ್ಗೆ ಗುಬ್ಬಿಯ ಕ್ರೈಸ್ತ ಸಭೆಯಲ್ಲಿ ಈಗ ಯಾರೂ ಮಾತಾಡುವುದಿಲ್ಲ. ಮಾತು ಬಂದೇ ಬಂದರೆ ‘ಆ ಭಾನುವಾರ’ ಎಂದು ಹೇಳಿ ಮುಂದೆ ಹೋಗುತ್ತಾರೆ. ನಾನು ಅವತ್ತು ಆ ಮನೆಯಲ್ಲೇ ಇದ್ದೆ. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ.

ನಮ್ಮ ತಂದೆ ಗುಬ್ಬಿಯಲ್ಲಿ ಉಪದೇಶಿಗಳಾಗಿದ್ದರು. ಸಭೆಯ ಪಾದ್ರಿಗಳಾದ ಅಯ್ಯನವರು ತುಮಕೂರಿನಿಂದ ಬರಲಾಗದ ಭಾನುವಾರ ಆರಾಧನೆ ನಡೆಸುವುದು, ಮಕ್ಕಳಿಗೆ ಪಾಠ ಹೇಳುವುದು, ಸಾವಿನ ಮನೆಗೆ ಹೋಗಿ ಪ್ರಾರ್ಥನೆ ಮಾಡುವುದು ಅವರ ಕೆಲಸ. ನನ್ನನ್ನು ಹಾಸ್ಟೆಲಿಗೆ ಹಾಕಿದರು. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು, ಗಂಟೆ ಹೊಡೆದರೆ ಮಂಡಿಯೂರುವುದು. ಆಮೇಲೆ ನರ್ಸಿಂಗ್ ಕಲಿತೆ, ತುಮಕೂರಿನಲ್ಲಿ ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದೆ, ಈಗ ಅಲ್ಲೇ ಸದಾಶಿವನಗರದಲ್ಲಿದ್ದೇನೆ. ಶಿಸ್ತು ನನಗೆ ಎಂದೂ ಭಾರ ಅನ್ನಿಸಿದ್ದಿಲ್ಲ. ತಮ್ಮನಿಗೆ ಅನ್ನಿಸುತ್ತಿತ್ತು.

ತಂದೆ ಮಕ್ಕಳಿಗೆ ಔತಣದ ಸಾಮ್ಯವನ್ನು ಬಲು ಚೆನ್ನಾಗಿ ಹೇಳುತ್ತಿದ್ದರು. ಯೇಸು ಹೇಳಿದ ಕಥೆ. ಒಬ್ಬ ದೊಡ್ಡ ಮನುಷ್ಯ ಔತಣ ಮಾಡಿಸಿ ಬಹಳ ಜನರನ್ನು ಕರೆಯುತ್ತಾನೆ. ಅಡುಗೆ ಆದ ಮೇಲೆ ಆಳನ್ನು ಕಳಿಸಿ ಎಲ್ಲ ಸಿದ್ಧವಾಗಿದೆ, ಬನ್ನಿ ಎಂದು ಹೇಳಿಸುತ್ತಾನೆ. ಒಬ್ಬನಿಗೆ ಹೊಲ ನೋಡಬೇಕು, ಒಬ್ಬನಿಗೆ ಎತ್ತು ನೋಡಬೇಕು, ಇನ್ನೊಬ್ಬನಿಗೆ ಹೊಸದಾಗಿ ಮದುವೆಯಾಗಿದೆ. ಯಾರೂ ಬರುವುದಿಲ್ಲ. ಮನೆಯ ಯಜಮಾನ ಸಿಟ್ಟಾಗಿ ಬೀದಿಯ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆತಂದು ಮನೆ ತುಂಬಿಸುತ್ತಾನೆ. ಕರೆಯುವವನು ದೇವರು, ಬರದವರು ನಾವು ಎಂದು ಅರ್ಥ. ತಂದೆ ಅದಕ್ಕೆ ಒಂದು ಮಾತು ಸೇರಿಸುತ್ತಿದ್ದರು. ನಮ್ಮ ಕಡೆ ಊಟಕ್ಕೆ ಎರಡು ಸಲ ಕರೆಯುತ್ತಾರಲ್ಲ, ಹಾಗೇ ಇದು. ಮೊದಲ ಕರೆಗೆ ಆಗಲ್ಲ ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆಗಲಿ ಎಂದು ತಲೆ ಆಡಿಸಿ, ಎಲೆ ಹಾಕಿ ಮನೆ ಬಾಗಿಲಿಗೆ ಬಂದು ಕರೆದಾಗ ಹೋಗದೆ ಇದ್ದರೆ ಅದು ಮುಖಕ್ಕೆ ಉಗಿದ ಹಾಗೆ.

ತಮ್ಮ ತುಮಕೂರಿನ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದ. ಅಲ್ಲೇ ಪ್ಯಾಕಿಂಗ್ ಕೆಲಸಕ್ಕೆ ಬರುತ್ತಿದ್ದ ಹುಡುಗಿಯನ್ನು ರಿಜಿಸ್ಟರ್ ಮದುವೆಯಾದ. ಅವಳು ಕುಣಿಗಲ್ ತಾಲೂಕಿನವಳು, ಯಡಿಯೂರಿನ ಹತ್ತಿರದ ಹಳ್ಳಿ, ಲಿಂಗಾಯತರು. ಅವಳ ಮನೆಯವರು ಅವಳನ್ನು ಬಿಟ್ಟರು. ಅವಳು ಕೊರಳಿನ ಲಿಂಗ ಬಿಡಲಿಲ್ಲ. ಅವನೂ ಬಿಡು ಎನ್ನಲಿಲ್ಲ.

ಮದುವೆಯಾದ ಮೇಲೆ ಬಂದ, ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರ ತಮ್ಮ ಎಲ್ಲರ ಜೊತೆ ಮುಂದೆ ಹೋಗಿ ಮಂಡಿಯೂರಿದ. ಆಗಿದ್ದ ಅಯ್ಯನವರು ರೊಟ್ಟಿಯ ತಟ್ಟೆ ಹಿಡಿದು ಒಬ್ಬೊಬ್ಬರಿಗೇ ಕೊಡುತ್ತಾ ಬಂದು, ಅವನನ್ನು ದಾಟಿ ಪಕ್ಕದವರಿಗೆ ಕೊಟ್ಟರು. ಬೇರೆ ಧರ್ಮದವರನ್ನು ಮದುವೆಯಾದವರಿಗೆ ಕೊಡಬಾರದು ಎಂದು ಸಭೆಯ ನಿಯಮವಿತ್ತು. ಅವನು ಎದ್ದು ಹೊರಗೆ ಹೋದವನು ಮತ್ತೆ ಬರಲಿಲ್ಲ. ಆಮೇಲೆ ಬೇರೆ ಬೇರೆ ಅಯ್ಯನವರು ಬಂದರು. ಎಲ್ಲರೂ ಅವನನ್ನು ಕರೆದರು. ಹೆಂಡತಿಗೆ ದೀಕ್ಷಾಸ್ನಾನ ಮಾಡಿಸಿ ಕರೆದುಕೊಂಡು ಬಾ ಎನ್ನುತ್ತಿದ್ದರು. ಅವನು ಕಾಫಿ ಕೊಟ್ಟು ಕಳಿಸುತ್ತಿದ್ದ.

ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾದಾಗ ಅದು ಯಕೃತ್ತಿಗೂ ಹೋಗಿತ್ತು. ರಿಪೋರ್ಟ್ ನೋಡಿದ ತಕ್ಷಣ ನನಗೆ ತಿಳಿಯಿತು. ಆಸ್ಪತ್ರೆಯವರೂ ಮನೆಗೆ ಕರೆದುಕೊಂಡು ಹೋಗಿ ಎಂದರು. ತಮ್ಮನಿಗೆ ಮಕ್ಕಳಿಲ್ಲ. ನಾನು ಬಟ್ಟೆ ತುಂಬಿಕೊಂಡು ಗುಬ್ಬಿಗೆ ಹೋದೆ. ಔಷಧಿ, ಮಗ್ಗುಲು ಬದಲಿಸುವುದು, ಗಂಜಿ, ಒರೆಸುವುದು, ಎಲ್ಲಕ್ಕೂ ಹೊತ್ತು ಗೊತ್ತು ಮಾಡಿದೆ. ನನಗೆ ಉಳಿದಿದ್ದ ಆಸೆ ಒಂದೇ. ಅವನು ಕರ್ತನ ರೊಟ್ಟಿ ತಿಂದು ಸಾಯಬೇಕು. ಅದನ್ನು ಅವನಿಗೆ ನೇರವಾಗಿಯೇ ಹೇಳಿದೆ.

ಅವನು ಗೋಡೆ ಕಡೆ ತಿರುಗಿಕೊಂಡ. ಆಮೇಲೆ, “ತಟ್ಟೆ ನನ್ನ ದಾಟ್ಕೊಂಡು ಹೋಯ್ತು ಅಕ್ಕ. ನಾನು ಕೈ ಚಾಚ್ಕೊಂಡೇ ಇದ್ದೆ,” ಎಂದ.

“ಈಗಿನ ಅಯ್ಯನವರು ಹಂಗಲ್ಲ ಕಣೋ.”

“ಅಯ್ಯನೋರು ಒಬ್ರೇ ಅಲ್ಲ. ಎಲ್ರೂ ನೋಡ್ತಾ ಇದ್ರು. ಮೊದ್ಲು ಅವ್ರೆಲ್ಲ ನಮ್ಮನೇಗೆ ಬರ್ಲಿ. ಇವಳ ಕೈಯಡುಗೆ ನನ್ ಜೊತೆ ಕೂತು ಉಣ್ಲಿ. ಆಮೇಲೆ ಅವ್ರ ರೊಟ್ಟಿ ನಾನು ತಿಂತೀನಿ.”

ಇದು ಆಗುವ ಮಾತು ಅನ್ನಿಸಿತು. ಗುಬ್ಬಿಯ ಸಭೆ ಚಿಕ್ಕದು, ಒಂದು ಹಜಾರ ಮತ್ತು ಅಂಗಳದಲ್ಲಿ ಎಲ್ಲರೂ ಕೂರಬಹುದು. ನಾನೇ ಮನೆಮನೆಗೆ ಹೋಗಿ ಕರೆದೆ. ಯಾರೂ ಇಲ್ಲ ಎನ್ನಲಿಲ್ಲ. ಸಭೆಯ ಹಿರಿಯರೊಬ್ಬರು, ಪಂಚಾಯ್ತಿ ಕಚೇರಿಯಲ್ಲಿದ್ದು ನಿವೃತ್ತರಾದವರು, ಸಿಹಿ ಊಟ ತಾನೆ ಸಿಸ್ಟರ್, ನಮ್ಮವರಿಗೆ ಮೂಳೆ ಕಡಿಯದಿದ್ದರೆ ಊಟ ಅನ್ನಿಸಲ್ಲ ಎಂದು ತಮಾಷೆ ಮಾಡಿ, ಖಂಡಿತ ಬರುತ್ತೇವೆ ಎಂದರು. ಅಯ್ಯನವರು ವಯಸ್ಸಿನಲ್ಲಿ ಚಿಕ್ಕವರು, ಸಂಕೋಚದ ಮನುಷ್ಯ. ಆರಾಧನೆ ಮುಗಿಸಿ ನೇರ ಬರುತ್ತೇನೆ, ಊಟವಾದ ಮೇಲೆ ಅಲ್ಲೇ ಕರ್ತನ ಭೋಜನ ಕೊಡುತ್ತೇನೆ ಎಂದರು.

ತಮ್ಮನಿಗೆ ಆ ವಾರ ಕಣ್ಣಲ್ಲಿ ಬೆಳಕು ಬಂತು. ಗಂಜಿ ಸಹ ಇಳಿಯುತ್ತಿರಲಿಲ್ಲ, ಆದರೂ ಹೆಂಡತಿಯನ್ನು ಕರೆದು ಹೂರಣಕ್ಕೆ ಏಲಕ್ಕಿ ಜಾಸ್ತಿ ಹಾಕು, ಕೋಸಂಬರಿಗೆ ಉಪ್ಪು ಕೊನೆಗೆ ಹಾಕು ಎಂದು ಹೇಳುತ್ತಿದ್ದ. ಅವಳು, “ನಂಗೇ ಅಡ್ಗೆ ಹೇಳ್ಕೊಡ್ತೀರಾ, ಬುಡಿ ಸಾಕು,” ಎಂದು ನಗುತ್ತಿದ್ದಳು. ಆ ಮನೆಯಲ್ಲಿ ನಾನು ಕೇಳಿದ ಕೊನೆಯ ನಗು ಅದು.

ಭಾನುವಾರ ಬೆಳಿಗ್ಗೆ ಅವನನ್ನು ಒರೆಸಿ, ಒಗೆದ ಅಂಗಿ ಹಾಕಿ, ದಿಂಬು ಕೊಟ್ಟು ಹಜಾರದ ಮಂಚದಲ್ಲಿ ಕೂರಿಸಿದೆ. ಚಾಪೆ ಹಾಸಿ ಎಲೆ ಹಾಕಿದೆವು. ಕರೆಯಲು ನಾನೇ ಹೊರಟಿದ್ದೆ. ಅಷ್ಟರಲ್ಲಿ ಅವನು ವಾಂತಿ ಮಾಡಿಕೊಂಡ. ಅವಳೇ ಹೋಗಲಿ ಎಂದ. ಅವರ ಕಡೆ ಮನೆಯ ಹೆಂಗಸೇ ಹೋಗಿ ಕರೆಯುವುದಂತೆ, ಅದೇ ಮರ್ಯಾದೆ ಎಂದು ಅವಳೂ ಸೀರೆ ಬದಲಾಯಿಸಿ ಹೋದಳು.

ಹಿಂದಿರುಗಿದಾಗ ಅವಳ ಮುಖ ಅರಳಿತ್ತು. ಚರ್ಚಿನ ಗೇಟಿನ ಹತ್ತಿರ ನಿಂತೇ ಕೈ ಮುಗಿದು ಕರೆದಳಂತೆ. ಎಲ್ಲರೂ ಆರಾಧನೆ ಮುಗಿಸಿ ಅಂಗಳದಲ್ಲೇ ಇದ್ದರಂತೆ. ಬರುತ್ತಾರೆ ಎಂದಳು.

ಕಾದೆವು. ಎಲೆಯ ಅಂಚು ಬಿಸಿಲಿಗೆ ಮುದುಡಿತು. ಅವಳು ನೀರು ಚಿಮುಕಿಸಿದಳು. ನಾನು ಅಂಗಳಕ್ಕೆ ಹೋಗಿ ಫೋನ್ ಮಾಡಲು ಶುರು ಮಾಡಿದೆ. ಒಬ್ಬರಿಗೆ ತುಮಕೂರಿನಲ್ಲಿ ಸೈಟ್ ನೋಡಲು ಹೋಗಬೇಕಿತ್ತು. ಒಬ್ಬರಿಗೆ ಸಕ್ಕರೆ ಕಾಯಿಲೆ, ಹೊತ್ತಾಗುತ್ತದೆ ಎಂದು ಮನೆಯಲ್ಲೇ ಉಂಡುಬಿಟ್ಟಿದ್ದರು. ಒಬ್ಬರ ಮನೆಗೆ ಹೆಣ್ಣು ನೋಡುವವರು ಬರುವವರಿದ್ದರು. ಎಲ್ಲವೂ ನಿಜವೇ. ಸಾಮ್ಯದಲ್ಲೂ ಯಾರೂ ಸುಳ್ಳು ಹೇಳುವುದಿಲ್ಲ. ಹೊಲವೂ ಇತ್ತು, ಎತ್ತೂ ಇತ್ತು, ಹೆಂಡತಿಯೂ ಇದ್ದಳು. ಇಷ್ಟು ವರ್ಷ ಆ ಪಾಠ ಕೇಳಿದ್ದೆ, ಹೇಳಿಯೂ ಇದ್ದೆ. ಇದು ಗಮನಕ್ಕೆ ಬಂದಿರಲಿಲ್ಲ.

ಕೊನೆಗೆ ತಂದೆಯ ಕಾಲದಿಂದ ಪರಿಚಯವಿದ್ದ ಒಬ್ಬ ಮುದುಕಿ ಸುತ್ತು ಬಳಸದೆ ಹೇಳಿದಳು. “ಎಡೆ ಆಗೈತೆ ಬನ್ನಿ ಅಂದ್ಲಲ್ಲವ್ವ ಅವ್ಳು. ಸತ್ತೋರ್ಗೆ ಇಕ್ಕಿದ್ದನ್ನ ನಾವು ಹೆಂಗವ್ವ ಉಣ್ಣಾದು?”

ನನಗೆ ತಲೆ ಮೇಲೆ ನೀರು ಸುರಿದ ಹಾಗಾಯಿತು. ನಮ್ಮ ಜನಕ್ಕೆ ಎಡೆ ಎಂದರೆ ಪಿತೃಪಕ್ಷದಲ್ಲಿ ಸತ್ತ ಹಿರಿಯರ ಮುಂದೆ ಇಡುವುದು, ಇಲ್ಲವೇ ದೇವರ ಮುಂದೆ ಇಡುವುದು. ಕ್ರೈಸ್ತರು ಅದನ್ನು ಮುಟ್ಟಬಾರದು ಎಂದು ಮಕ್ಕಳಾಗಿದ್ದಾಗಿನಿಂದ ಕೇಳಿದ್ದೇವೆ. ಲಿಂಗಾಯತರ ಮನೆಯಲ್ಲಿ ಎಡೆ ಮಾಡುವುದು ಎಂದರೆ ಉಣ್ಣಲು ಕೂತವರಿಗೆ ಬಡಿಸುವುದು, ಅಷ್ಟೇ. ಮುದುಕಿಗೆ ಅದನ್ನು ಬಿಡಿಸಿ ಹೇಳಿದೆ. ಹಂಗಾ, ಗೊತ್ತಾಗ್ಲಿಲ್ಲವ್ವ, ಈಗ ಉಂಡಾಯ್ತಲ್ಲ ಎಂದಳು. ಗೇಟಿನ ಹತ್ತಿರ ಯಾರೋ, ಎಡೆ ಯಾರಿಗಮ್ಮ ಎಂದು ಕೇಳಿದರಂತೆ. ತಮ್ಮನ ಹೆಂಡತಿ, “ನಿಮ್ಗೇಯ, ಇನ್ಯಾರ್ಗೆ?” ಎಂದಳಂತೆ.

ಸಭೆಯ ಹಿರಿಯರಿಗೆ ಫೋನ್ ಮಾಡಿದೆ. ಇದು ಬರೀ ಮಾತಿನ ತಪ್ಪು, ಎಲ್ಲರಿಗೂ ಹೇಳಿ ಕರೆದುಕೊಂಡು ಬನ್ನಿ, ಇನ್ನೂ ಹೊತ್ತಾಗಿಲ್ಲ ಎಂದೆ.

“ನಂಗೊತ್ತು ಸಿಸ್ಟರ್,” ಎಂದರು ಅವರು. “ನಮ್ಮ ಪಕ್ಕದ್ಮನೆಯೋರು ಲಿಂಗಾಯತ್ರೇ ಅಲ್ವಾ. ಆದ್ರೆ ನಾನೇ ಮುಂದೆ ಹೋಗಿ ಕೂತ್ರೆ, ಗೊತ್ತಿಲ್ದೋರು ಏನಂದ್ಕೋತಾರೆ? ಅವ್ರ ವಿಶ್ವಾಸಕ್ಕೆ ತೊಂದ್ರೆ ಆಗ್ಬಾರ್ದು ಅಂತ.”

ಅವರು ಗೌರವಸ್ಥರು. ಮಾತಿನಲ್ಲಿ ಒಂದು ತಪ್ಪು ಹುಡುಕಲು ನನಗೆ ಆಗಲಿಲ್ಲ. ಫೋನ್ ಇಟ್ಟೆ.

ಹಿಂದೆ ತಮ್ಮನ ಹೆಂಡತಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. “ದೊಡ್ಡೋರ್ನ ಕರೆಯುವಾಗ ನಮ್ಮಲ್ಲಿ ಎಡೆ ಅಂತೀವಿ ಅಕ್ಕ. ಊಟ ಅಂದ್ರೆ ಸಸಾರ ಮಾಡಿದಂಗೆ ಆಯ್ತದೆ ಅಂತ ಹಂಗಂದೆ,” ಎಂದಳು. ಅಲ್ಲಿಯವರೆಗೆ ಅವಳು ಅಳುವುದನ್ನು ನಾನು ನೋಡಿರಲಿಲ್ಲ. ಅವತ್ತೂ ಅಳಲಿಲ್ಲ. ಒಳಗೆ ಹೋಗಿ ಹೋಳಿಗೆಯ ಮೇಲೆ ಬಟ್ಟೆ ಮುಚ್ಚಿದಳು.

ತಮ್ಮನಿಗೆ ಹೇಳಬೇಕಾಯಿತು. ಹೇಳಿದೆ. ಹೇಳಿದ ಮೇಲೆ ಏನಾದರೂ ಮಾಡಬೇಕಲ್ಲ ಎಂದು, ನಿಲ್ದಾಣದ ಕಡೆ ರಸ್ತೆ ಕೆಲಸದವರು ಇದ್ದಾರೆ, ಅವರನ್ನು ಕರೆಯೋಣವಾ ಎಂದೆ. ಸಾಮ್ಯದಲ್ಲಿ ಯಜಮಾನ ಅದನ್ನೇ ಮಾಡುತ್ತಾನೆ. ನನ್ನ ತಲೆಗೂ ಬಂದದ್ದು ಅದೇ.

ತಮ್ಮನಿಗೆ ಉಸಿರು ಸಾಲುತ್ತಿರಲಿಲ್ಲ. ಬಿಟ್ಟು ಬಿಟ್ಟು ಹೇಳಿದ. “ಬೇಡ ಅಕ್ಕ. ಇವ್ರು ಬರ್ಲಿಲ್ಲ ಅಂತ ಅವ್ರನ್ನ ಕರೆದ್ರೆ ಅದು ಊಟ ಅಲ್ಲ, ಸೇಡು. ಆ ಯಜಮಾನನಿಗೂ ಸೇಡೇ ಇತ್ತು ಅನ್ಸುತ್ತೆ. ಅಪ್ಪ ಅದನ್ನ ಹೇಳ್ತಿರ್ಲಿಲ್ಲ.”

ಅವನ ಮಾತು ಸರಿಯೋ ತಪ್ಪೋ ಇವತ್ತಿಗೂ ನನಗೆ ತೀರ್ಮಾನಿಸಲು ಆಗಿಲ್ಲ. ದೇವರ ಸಿಟ್ಟು ನ್ಯಾಯವಾದದ್ದು ಎಂದು ನಾನು ಕಲಿತವಳು. ಆದರೆ ಕಾದು ಕೂತ ಮನುಷ್ಯನ ಮುಖವನ್ನು ಅಷ್ಟು ಹತ್ತಿರದಿಂದ ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ. ಬರದ ನೆಂಟರ ಬಗ್ಗೆ ಪಾಠ ಹೇಳುವಾಗ ನಾವೆಲ್ಲ ನೆಂಟರನ್ನೇ ಬೈಯುತ್ತೇವೆ, ಅವರಂತೆ ಆಗಬೇಡಿ ಎನ್ನುತ್ತೇವೆ. ಯಜಮಾನ ಬಾಗಿಲ ಕಡೆ ಎಷ್ಟು ಸಲ ನೋಡಿರಬಹುದು ಎಂದು ಯಾರೂ ಕೇಳುವುದಿಲ್ಲ.

ನಾವು ಇಬ್ಬರು ಹೆಂಗಸರು ಅವನ ಎದುರಿಗೆ ಕೂತು ಉಂಡೆವು. ಅವನು ಹೂರಣವನ್ನು ನಾಲಿಗೆಗೆ ಮುಟ್ಟಿಸಿಕೊಂಡು, ಏಲಕ್ಕಿ ಸರಿಯಾಗಿದೆ ಎಂದ.

ಸಂಜೆ ಅಯ್ಯನವರು ಸ್ಕೂಟರಿನಲ್ಲಿ ಬಂದರು. ಗುಬ್ಬಿಯ ಆರಾಧನೆ ಆದ ಕೂಡಲೇ ಬೇರೆ ಊರಿನ ಸಭೆಗೆ ಹೋಗಬೇಕಾಯಿತು ಎಂದರು. ಹಿರಿಯರು, ನೀವು ಅಲ್ಲಿಗೆ ಹೋಗಿ ಬನ್ನಿ, ಇಲ್ಲಿ ಗೊಂದಲ ಬೇಡ ಎಂದಿದ್ದರಂತೆ. ರೊಟ್ಟಿ ಮತ್ತು ದ್ರಾಕ್ಷಾರಸದ ಚಿಕ್ಕ ಪೆಟ್ಟಿಗೆಯನ್ನು ಮಂಚದ ಪಕ್ಕ ಸ್ಟೂಲಿನ ಮೇಲಿಟ್ಟು, ಬಿಳಿ ಬಟ್ಟೆ ಹಾಸಿದರು.

ತಮ್ಮ ಮರ್ಯಾದೆಯಿಂದಲೇ ಕೇಳಿದ. “ಅಯ್ಯನೋರ್ದು ಊಟ ಆಯ್ತಾ?”

“ಆಯ್ತು ಬ್ರದರ್. ಅಲ್ಲೇ ಒಬ್ರ ಮನೇಲಿ.”

“ನಮ್ಮನೇಲಿ ಹೋಳಿಗೆ ಐತೆ. ಒಂದ್ ತಗೊಳ್ಳಿ.”

ತಮ್ಮನ ಹೆಂಡತಿ ತಟ್ಟೆಯಲ್ಲಿ ತಂದು ಹಿಡಿದಳು. ಅಯ್ಯನವರು ಅವಳ ಕೊರಳನ್ನು ನೋಡಿದರು, ನನ್ನನ್ನು ನೋಡಿದರು, ಬಾಗಿಲನ್ನೂ ನೋಡಿದರು. ಹೊಟ್ಟೆ ತುಂಬಿದೆ, ಇನ್ನೊಂದು ದಿನ ಖಂಡಿತ ತಿನ್ನುತ್ತೇನೆ ಎಂದರು. ಅವರಿಗೆ ಆ ಹೋಳಿಗೆಯ ಭಯವಿರಲಿಲ್ಲ, ನಾಳೆ ಹಿರಿಯರು ಕೇಳಿದರೆ ಏನು ಹೇಳಲಿ ಎಂಬ ಭಯವಿತ್ತು. ಅದು ನನಗೆ ಕಾಣಿಸಿತು. ತಮ್ಮನಿಗೂ ಕಾಣಿಸಿರಬೇಕು.

“ಹಂಗಾದ್ರೆ ನಂದೂ ಇನ್ನೊಂದ್ ದಿನ ಅಯ್ಯನೋರೆ,” ಎಂದು ಅವನು ಕಣ್ಣು ಮುಚ್ಚಿದ.

ನಾನು ಅವನ ಕೈ ಹಿಡಿದು ಬೇಡಿಕೊಂಡೆ. ಹಾಗೆ ನಾನು ಯಾರನ್ನೂ ಬೇಡಿದವಳಲ್ಲ. ಒಂದು ಚೂರು, ನಾಲಿಗೆ ಮೇಲೆ ಇಟ್ಟರೆ ಸಾಕು ಎಂದೆ. ಅವನು ತಲೆ ಅಲ್ಲಾಡಿಸಿದ. ಅಯ್ಯನವರು ಬಟ್ಟೆ ಮಡಚಿದರು.

ಇನ್ನೊಂದು ದಿನ ಬರಲಿಲ್ಲ. ಅದೇ ವಾರ ಅವನಿಗೆ ಪ್ರಜ್ಞೆ ತಪ್ಪಿತು, ಮತ್ತೆ ಮರಳಲಿಲ್ಲ. ಹೆಂಡತಿ ಹಣೆ ಒರೆಸುತ್ತಿದ್ದಾಗಲೇ ಉಸಿರು ನಿಂತಿತು. ನಾನು ನಾಡಿ ನೋಡಿ, ಕಣ್ಣು ಮುಚ್ಚಿ, ದವಡೆ ಕಟ್ಟಿದೆ.

ಮಣ್ಣಿಗೆ ಇಡೀ ಸಭೆ ಬಂತು. ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಗುಣಿ ತೆಗೆಸಲು ಹಿರಿಯರೇ ಮುಂದೆ ನಿಂತರು, ಸಭೆಯ ಸ್ಮಶಾನದಲ್ಲಿ ಜಾಗ ಕೊಡುವ ವಿಷಯದಲ್ಲಿ ಯಾರೂ ಎರಡು ಮಾತಾಡಲಿಲ್ಲ. ಹೆಂಗಸರು ತಮ್ಮನ ಹೆಂಡತಿಯ ಭುಜ ಹಿಡಿದು ಅತ್ತರು. ಅಯ್ಯನವರು ಪ್ರಾರ್ಥನೆಯಲ್ಲಿ, ನಮ್ಮ ಸಹೋದರರು ಕರ್ತನ ಕರೆಗೆ ಓಗೊಟ್ಟು ಹೋಗಿದ್ದಾರೆ ಎಂದರು. ಎಲ್ಲ ಮಣ್ಣಿನಲ್ಲೂ ಹೇಳುವ ಮಾತು ಅದು. ನಮಗೆ ಕಿವಿಯಲ್ಲಿ ನಿಲ್ಲುವುದೂ ಇಲ್ಲ. ಅವಳು ಅದನ್ನು ಮೊದಲ ಸಲ ಕೇಳುತ್ತಿದ್ದಳು.

ಎಲ್ಲರೂ ಹೋದ ಮೇಲೆ ಮನೆ ತೊಳೆದು ಮೆಟ್ಟಿಲ ಮೇಲೆ ಕೂತೆವು. ಅವಳು ಕೇಳಿದಳು.

“ಅಕ್ಕ, ನಿಮ್ ದೇವ್ರು ಇವ್ರನ್ನ ಕರೆದಿದ್ದು ದಿಟ್ವಾ?”

“ದಿಟ,” ಎಂದೆ. ಅದನ್ನು ನಾನು ನಂಬಿದ್ದೇನೆ.

“ಇವ್ರು ಒಳಕ್ಕೆ ಹೋಗಿರ್ತಾರಾ?”

ವಾರ್ಡಿನಲ್ಲಿ ರೋಗಿಯ ಮನೆಯವರು ಏನು ಕೇಳಿದರೂ ತಡಮಾಡದೆ ಉತ್ತರ ಕೊಡುತ್ತಿದ್ದೆ. ಸುಳ್ಳು ಹೇಳುತ್ತಿರಲಿಲ್ಲ. ಇವಳಿಗೂ ಸುಳ್ಳು ಹೇಳಬಾರದು ಅನ್ನಿಸಿತು. “ನಿನ್ನ ಬಿಟ್ಟು ಒಳಗೆ ಹೋಗೋನಲ್ಲ ಅವನು. ನಿಂಗೇ ಗೊತ್ತಲ್ಲ,” ಎಂದೆ.

ಅವಳು ಬೀದಿಯ ಕಡೆ ನೋಡಿದಳು.

“ಹಂಗಾದ್ರೆ ಆಚೇನೇ ನಿಂತವ್ರೆ,” ಎಂದಳು.

ನಾನು ಇಲ್ಲ ಎನ್ನಲಿಲ್ಲ.