ಅಣ್ಣನಿಗೆ ಬಂದ ಧೂಮಕೇತು

ಊರೂರು ತಿರುಗಿ ಆಕಾಶ ತೋರಿಸುವುದು ನನ್ನ ಕೆಲಸ. ಟೆಲಿಸ್ಕೋಪು ಹೊತ್ತು, ಬಸ್ಸು ಬದಲಿಸಿ ಬದಲಿಸಿ ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಕಡೆಯ ಒಂದು ಶಾಲೆಯ ಮೈದಾನ ತಲುಪುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು. ಹೊತ್ತು ಮುಳುಗಿದ ಮೇಲೆ ಪಡುವಣದಲ್ಲಿ ಧೂಮಕೇತು ಕಾಣುವುದಿತ್ತು. ಸ್ಟ್ಯಾಂಡು ನಿಲ್ಲಿಸುತ್ತಿದ್ದಾಗ ಬಿಳಿ ಷರ್ಟಿನವನೊಬ್ಬ ಬಂದ.

"ಸಾರ್, ಇವತ್ತು ಬೇಡ. ನಮ್ಮಣ್ಣ ಆಸ್ಪತ್ರೇಲವ್ರೆ. ಬಾಲದ ಚುಕ್ಕಿ ಬಂದ್ರೆ ದೊಡ್ಡೋರ್ಗೆ ಆಗಿಬರಲ್ವಂತೆ."

ಅಣ್ಣ ಅಂದರೆ ಪಂಚಾಯ್ತಿಯ ಮಾಜಿ ಅಧ್ಯಕ್ಷರು. ಹೋದಲ್ಲೆಲ್ಲ ಇದೇ ಮಾತು ಕೇಳಿ ಸಾಕಾಗಿತ್ತು. ಅದು ಬರೀ ಮಂಜುಗಡ್ಡೆ, ದೂಳು ಅಂತ ಮತ್ತೊಮ್ಮೆ ಹೇಳಿದೆ. ಅವನು ಕದಲಲಿಲ್ಲ. ಕೊನೆಗೆ ಬೇಸತ್ತು ಅವನ ದಾರಿಗೇ ಬಂದೆ.

"ನೋಡಪ್ಪಾ, ರೋಮಿನ ದೊರೆ ಸತ್ತಾಗ ಒಂದು ಕಾಣಿಸ್ತು. ಇಂಗ್ಲೆಂಡಿನ ರಾಜ ಯುದ್ಧದಲ್ಲಿ ಬಿದ್ದ ವರ್ಷ ಇನ್ನೊಂದು. ಜನ ಹೆದರಿದ್ದು ಅಂಥೋರ ವಿಷಯಕ್ಕೆ. ಪಂಚಾಯ್ತಿ ಲೆವೆಲ್ಲಿಗೆಲ್ಲ ಅದು ಬರಲ್ಲ."

ಅವನ ಮುಖ ಕೆಂಪಾಯಿತು. "ಯಾಕ್ ಸಾರ್, ನಮ್ಮಣ್ಣ ಏನ್ ಕಮ್ಮಿನಾ? ಬಂದಿರೋದು ನಮ್ಮಣ್ಣಂಗೇನೇ!"

ಸುತ್ತ ನಿಂತಿದ್ದವರೂ ಹೌದೌದು ಅಂದರು. ನೋಡಲು ಬಂದಿದ್ದವರು ಮನೆಗೆ ಹೋದರು. ನಾನು ಟೆಲಿಸ್ಕೋಪು ಬಿಚ್ಚಿ ಚೀಲಕ್ಕೆ ತುಂಬಿದೆ.

ಅಣ್ಣ ಗುಣವಾಗಿ ಬಂದರು. ಮುಂದಿನ ವಾರ ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಷ್ಟೆತ್ತರದ ಫ್ಲೆಕ್ಸು. ಕೈಮುಗಿದು ನಿಂತ ಅಣ್ಣ, ಅವರ ತಲೆಯ ಹಿಂದೆ ಉದ್ದ ಬಾಲದ ಧೂಮಕೇತು, ಕೆಳಗೆ "ಧೂಮಕೇತುವಿಗೂ ಬಗ್ಗದ ನಮ್ಮಣ್ಣ." ಧೂಮಕೇತುವಿನ ಫೋಟೊ ನಾನೇ ತೆಗೆದದ್ದು. ಕಾರ್ಯಕ್ರಮಕ್ಕೆ ಬನ್ನಿ ಅಂತ ಆ ಊರಿನ ವಾಟ್ಸಾಪಿಗೆ ಕಳಿಸಿದ್ದೆ.

ಅಂತೂ ಇಡೀ ತಾಲ್ಲೂಕಿಗೆ ಧೂಮಕೇತು ತೋರಿಸಿದೆ.